ಫ್ರೀವೀಲ್

ಬಾಡಿಗೆಗೆಂದೇ ಕಟ್ಟಿಸಿದ್ದು ಈ ಮುಂಗೋಣೆ.
ಈಗ ಇದರಲ್ಲಿ ಏಳು ಜನ,
ಗೋಡೆಯ ಕೊಕ್ಕೆಗೆ ನೇತುಬಿದ್ದು ನಿದ್ದೆ ಮಾಡುವವರು,
ನೀರು ಸಾಲದೆಂದು ಜಗಳ ತೆಗೆಯದವರು,
ತಿಂಗಳ ಮೊದಲಿಗೆ ಒಂದು ಕಾಸೂ ಕೊಡದವರು.
"ಇರೋದೊಂದು ಕುಂಡಿ, ಏಳು ಸೀಟು ಯಾಕ್ರೀ?"
ಅಂತಾಳೆ ದೇವಾಜಮ್ಮ.
ಲೆಕ್ಕ ಸರಿಯಾಗಿದೆ. ಉತ್ತರ ನನ್ನಲ್ಲಿಲ್ಲ.

ಮೊದಲನೆಯದು ಉಕ್ಕಿನದು. ರೇಷ್ಮೆ ಕಾರ್ಖಾನೆ ಸೇರಿದ
ಮೂರನೇ ವರ್ಷದ ಬೋನಸ್ಸು. ಟಗರಿನ ಕೊಂಬಿನ ಹ್ಯಾಂಡಲ್ಲು.
ಗೇರು ಬದಲಿಸಲು ಬಗ್ಗಿ, ಮಂಡಿಯ ಪಕ್ಕದ ಕೊಳವೆಯಲ್ಲಿ ತಡಕಬೇಕು,
ಕತ್ತಲಲ್ಲಿ ಬೀಗದ ಕಿಂಡಿ ಹುಡುಕಿದ ಹಾಗೆ.
ಮಂಡಿ ಮೊಹಲ್ಲದ ಇಲಿಯಾಸ್ ಸಾಬರು
ಇದರ ಕಡ್ಡಿಗಳನ್ನು ಉಗುರಲ್ಲಿ ಮೀಟಿ, ಕಿವಿಗೊಟ್ಟು,
ಒಂದಕ್ಕೆ ಕಾಲು ಸುತ್ತು ಬಿಗಿ, ಒಂದಕ್ಕೆ ಸಡಿಲ,
"ಈಗ ಮಾತಾಡ್ತದೆ, ತಗೊಂಡ್ಹೋಗಿ" ಅಂದಿದ್ದರು.

ಎರಡನೆಯದು ಅಲ್ಯುಮಿನಿಯಂ. ಹಗುರ, ಆದರೆ ಬಾಯಿಬಡುಕ.
ನಂಜನಗೂಡು ರಸ್ತೆಯ ಒಂದೊಂದು ಕಲ್ಲಿನ ಚಾಡಿಯನ್ನೂ
ಮೊಣಕೈಗೆ ತಂದು ಹೇಳುತ್ತದೆ.

ಮೂರನೆಯದರ ವಿಷಯ ಬೇಡ.

ನಾಲ್ಕನೆಯದು ಕಾರ್ಬನ್ನು. ಎರಡು ಬೆರಳಲ್ಲಿ ಎತ್ತಬಹುದು.
ನಸುಕಿನಲ್ಲಿ ಚಾಮುಂಡಿ ಬೆಟ್ಟ ಹತ್ತುವಾಗ
ಸೈಕಲ್ಲಿಗೆ ತೂಕವೇ ಇಲ್ಲ, ಇರುವ ತೂಕವೆಲ್ಲ ನನ್ನದೇ
ಎಂಬ ಸತ್ಯವನ್ನು ಎರಡು ಲಕ್ಷ ಕೊಟ್ಟು ತಿಳಿದುಕೊಂಡೆ.
(ಮನೆಯಲ್ಲಿ ಹೇಳಿರುವುದು ಎಪ್ಪತ್ತು ಸಾವಿರ.)
ಇಳಿಯುವಾಗ ಮಾತ್ರ ಇಬ್ಬರಿಗೂ ತೂಕವಿಲ್ಲ.
ಕಣ್ಣೀರು ಹಿಂದಕ್ಕೆ ಹರಿದು ಕಿವಿ ಸೇರುತ್ತದೆ,
ದುಃಖವಿಲ್ಲದ, ಬರೀ ಗಾಳಿಯ ಕಣ್ಣೀರು.

ಐದನೆಯದಕ್ಕೆ ಗೇರೂ ಇಲ್ಲ, ಫ್ರೀವೀಲೂ ಇಲ್ಲ.
ನೀವು ತುಳಿಯುವುದು ನಿಲ್ಲಿಸಿದರೆ
ಅದು ನಿಮ್ಮನ್ನು ತುಳಿಸುತ್ತದೆ.
ಭಾನುವಾರ ಲಲಿತಮಹಲ್ ರಸ್ತೆಗೆ, ಅದೂ ಧೈರ್ಯವಿದ್ದರೆ.

ದಪ್ಪ ಟೈರಿನ ಆರನೆಯದು ಮಂಡ್ಯದ ಕಡೆಗೆ.
ನಾಲೆಯ ಏರಿ ಹಿಡಿದು, ಕಬ್ಬಿನ ಗಾಡಿಗಳ ಹಿಂದೆ,
ಸೋಗೆ ಚೈನಿಗೆ ಸಿಕ್ಕಿಕೊಳ್ಳುವವರೆಗೆ.
ಪಾಂಡವಪುರದಾಚೆ ಆಲೆಮನೆಯ ಹುಡುಗನೊಬ್ಬ
ಬಿಸಿ ಬೆಲ್ಲವನ್ನು ಎಲೆಗೆ ಹಾಕಿ ಕೊಟ್ಟು
ಸೈಕಲ್ಲಿನ ಸುತ್ತ ಒಂದು ಸುತ್ತು ಬಂದ:
"ಅಣ್ಣೋ, ಇದ್ಕೆ ಸ್ಟ್ಯಾಂಡೇ ಇಲ್ವಲ್ಲ,
ಎಲ್ ನಿಂತ್ಕತದೆ ಇದು?"
ನಿಲ್ಲೋದಿಲ್ಲ ಕಣಪ್ಪ, ಎಂದೆ.
ಅಂದ ಮೇಲೆ ಎರಡು ಮೈಲಿ ನನ್ನ ಮಾತಿಗೆ ನಾನೇ ಬೀಗಿದೆ.
ಆಮೇಲೆ ಪಂಕ್ಚರ್.

ಏಳನೆಯದು ಕಪ್ಪು. ಕಾರ್ಖಾನೆಯ ಗುಜರಿ ಹರಾಜಿನದು.
ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಇನ್ನೂ ಇದೆ:
ರವಾನೆ ವಿಭಾಗ, 14.
ಇದೆಂಥಾ ರೋಡ್ ಬೈಕು ಸಾರ್, ಅಂತಾರೆ ಜೊತೆಯ ಹುಡುಗರು.
ರೋಡಿನ ಮೇಲೇ ತಾನೆ ಓಡೋದು.
ಮೊಸರು, ಸೀಮೆಬದನೆಕಾಯಿ, ಗ್ಯಾಸಿನ ರೆಗ್ಯುಲೇಟರು
ಬೇರೆ ಯಾವುದು ಹೊತ್ತು ತಂದಿದೆ?

ನಿನ್ನೆ ರಾತ್ರಿ ಕರೆಂಟು ಹೋಯಿತು.
ಕೋಣೆಗೆ ಬಂದು, ಏಕೋ ಏನೋ,
ಒಂದೊಂದೇ ಹಿಂದಿನ ಚಕ್ರ ತಿರುಗಿಸಿ ಬಿಟ್ಟೆ.
ಐದನೆಯದು ಮೂಕ. ಉಳಿದ ಆರೂ
ಟಿಕಟಿಕ, ಕಿರಿಕಿರಿ, ಚಿರ್ರೆಂದು, ಒಂದರ ಮೇಲೊಂದು.
ನಾಲ್ಕನೇ ಶೆಡ್ಡಿನ ಬಾಗಿಲು ತೆರೆದಂತಾಯಿತು.
ಮೂವತ್ತೊಂದು ವರ್ಷ ಮಗ್ಗ ರಿಪೇರಿ ಮಾಡಿದವನು ನಾನು,
ಕತ್ತಲಲ್ಲಿ ಕೈ ಕಟ್ಟಿ ನಿಂತೆ.

ಬಾಗಿಲಲ್ಲಿ ಬಳೆಯ ಸದ್ದು.
ಅವಳೂ ಅಲ್ಲಿಯವಳೇ, ನೂಲು ಸುತ್ತುವ ವಿಭಾಗ.
ಏಳು ಸೀಟಿನ ಮಾತು ಬರುತ್ತದೆಂದು ಕಾದೆ.
"ಮೂರನೇದು ಒಣಗೈತೆ," ಅಂದಳು, "ಎಣ್ಣೆ ಬಿಡಿ."

ಗಿಣಿಹಸಿರಿನದು ಅದು. ನನಗಿಂತ ಎರಡು ಸೈಜು ಚಿಕ್ಕದು.
ಬಣ್ಣಕ್ಕೆ ಮರುಳಾಗಿ ತಂದದ್ದು, ಒಂದು ದಿನವೂ ತುಳಿದಿಲ್ಲ,
ಬೆಲೆ ಹೇಳಿಲ್ಲ, ಇರುವುದನ್ನೂ ಹೇಳಿರಲಿಲ್ಲ,
ಹಳೇ ಜಮಖಾನದ ಹಿಂದೆ ನೇತುಹಾಕಿದ್ದೆ.
ಎಣ್ಣೆಯ ಡಬ್ಬಿಗೆ ತಡಕಾಡುತ್ತಿದ್ದೇನೆ,
ಅದು ಇನ್ನೂ ತಿರುಗುತ್ತಲೇ ಇದೆ.